ಖಾಲಿ ಬಿಟ್ಟ ಸಾಲು

ಎಂಬತ್ತರ ದಶಕದ ನಡುವಿನ ಒಂದು ಚುನಾವಣೆಯಲ್ಲಿ ನನ್ನನ್ನು ಮತ ಎಣಿಕೆಗೆಂದು ತುಮಕೂರಿಗೆ ಹಾಕಿದ್ದರು. ಆಗ ನಾನು ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಪೆಟ್ಟಿಗೆಯಿಂದ ಸುರಿದ ಚೀಟಿಗಳ ಮಡಿಕೆ ಬಿಡಿಸಿ, ಗುರುತಿನ ಪ್ರಕಾರ ವಿಂಗಡಿಸಿ ಕಟ್ಟು ಕಟ್ಟುವುದು ನಮ್ಮ ಮೇಜಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಒಂದು ಚೀಟಿ ಬಿಡಿಸಿದೆ; ಅದರ ಮೇಲೆ ಎಲ್ಲೂ ಮುದ್ರೆ ಬಿದ್ದಿರಲಿಲ್ಲ. ಎದುರು ನಿಂತಿದ್ದ ಏಜೆಂಟನೊಬ್ಬ ಬಗ್ಗಿ ನೋಡಿ, "ಯಾರೋ ಒತ್ತೋದು ಮರ್ತವ್ರೆ ಬುಡಿ ಮೇಡಂ" ಎಂದ. ಮೇಲ್ವಿಚಾರಕರು ಅದನ್ನು ತಿರಸ್ಕೃತ ಮತಗಳ ಜೊತೆ ಸೇರಿಸಿದರು. ಮರೆತಿರಲಾರರು ಎಂದು ನನಗೆ ಅನ್ನಿಸಿತು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ ಮಡಿಸಿದ ಚೀಟಿ ಅದು. ಆಮೇಲೆ ಸಂಜೆಯವರೆಗೂ ನನ್ನ ಕೈಗಳು ಆ ಮೇಜಿನ ಮೇಲಿದ್ದವು, ಮನಸ್ಸು ಮಾತ್ರ ನಮ್ಮೂರು ನಿಟ್ಟೂರಿಗೆ ಹೋಗಿಬಿಟ್ಟಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಹಿಂಗಾರಿಗೆ, ನನಗೆ ಇಪ್ಪತ್ತೊಂದು ತುಂಬಿದ್ದ ವರ್ಷಕ್ಕೆ.

ಆ ವರ್ಷ ಜುಲೈನಲ್ಲಿ ನಮ್ಮ ಮನೆಗೆ ಎಲೆನ್ ಬಂದಳು. ಹೊರದೇಶದ ರೈತರ ಮಕ್ಕಳು ಇಲ್ಲಿನ ರೈತರ ಮನೆಯಲ್ಲಿ ಆರು ತಿಂಗಳಿದ್ದು ಬೇಸಾಯ ಕಲಿಯುವ ಒಂದು ಯೋಜನೆ ಆಗ ಇತ್ತು. ಗುಬ್ಬಿಯ ಬ್ಲಾಕ್ ಆಫೀಸಿನವರು ಮನೆ ಹುಡುಕುತ್ತಾ ಬಂದಾಗ ಅಪ್ಪ ತಕ್ಷಣ ಒಪ್ಪಿಕೊಂಡ. ನಾನು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಬಿ.ಎಡ್. ಓದುತ್ತಿದ್ದೆ, ಇಂಗ್ಲಿಷು ಬರುತ್ತಿತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಎರಡು ತಿಂಗಳ ಹಿಂದಷ್ಟೇ ಅಪ್ಪ ಪಂಚಾಯ್ತಿ ಚುನಾವಣೆಗೆ ನಿಂತು ಒಂಬತ್ತು ಓಟಿನಲ್ಲಿ ಸೋತಿದ್ದ. ಅಮೆರಿಕದವಳು ಮನೆಯಲ್ಲಿದ್ದರೆ ಊರಿನವರು ಮತ್ತೆ ನಮ್ಮ ಜಗಲಿಗೆ ಬಂದು ಕೂರುತ್ತಾರೆ ಎಂಬ ಲೆಕ್ಕ ಅವನದು.

ಬಂದರು ಕೂಡ. ಎಲೆನ್ ಎತ್ತರದ, ಬಿಸಿಲಿಗೆ ಕೆಂಪಾಗುವ ಹುಡುಗಿ. ನನಗಿಂತ ಒಂದು ವರ್ಷ ದೊಡ್ಡವಳು. ಅಮ್ಮನ ಬಾಯಲ್ಲಿ ಅವಳ ಹೆಸರು ಮೂರನೇ ದಿನಕ್ಕೆ ಯಲ್ಲಮ್ಮ ಆಯಿತು. ಹಾಲು ಕರೆಯುವುದರಲ್ಲಿ ಅವಳು ಅಮ್ಮನಿಗಿಂತ ಚುರುಕು. ಅವಳ ಅಪ್ಪನಿಗೆ ದೊಡ್ಡ ಹಾಲಿನ ಡೈರಿ ಇತ್ತಂತೆ. ಅವಳ ರಾಜ್ಯ ಅಮೆರಿಕದ ಮೂಡಲ ಅಂಚಿನ ಒಂದು ಪುಟ್ಟ ರಾಜ್ಯ. ನನ್ನ ಶಾಲೆಯ ಅಟ್ಲಾಸಿನಲ್ಲಿ ಅದರ ಹೆಸರು ಅದರೊಳಗೆ ಹಿಡಿಸದೆ, ಸಮುದ್ರದಲ್ಲಿ ಅಚ್ಚು ಹಾಕಿ ಒಂದು ಗೆರೆ ಎಳೆದಿದ್ದರು. ನಾವಿಬ್ಬರೂ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಪ್ಪನ ಸೋಲಿನ ಬಗ್ಗೆ ಹೇಳಬೇಕು. ನಮ್ಮ ಊರಿಗೆ ಒಂದು ಬೋರ್‌ವೆಲ್ ಪಂಪು ಮಂಜೂರಾಗಿತ್ತು. ಅದು ಶಾಲೆಯ ಮುಂದೆ, ಊರ ನಡುವೆ ಇರಲಿ ಎಂದು ಅಪ್ಪ. ಊರಾಚೆಯ ಕಾಲೋನಿಯವರು ಕೆರೆ ನೀರು ಕುಡಿಯುತ್ತಿದ್ದಾರೆ, ಅಲ್ಲಿಗೆ ಹಾಕಿಸೋಣ ಎಂದು ಎದುರಾಳಿ, ನಿವೃತ್ತ ಮೇಷ್ಟ್ರು ರಂಗಪ್ಪನವರು. ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದ್ದ ಪುಟ್ಟಮ್ಮ ಆ ಕಾಲೋನಿಯವಳು. ಬೆಳಗ್ಗೆ ನಾನು ರೈಲಿಗೆ ಹೋಗುವಾಗ ಅವಳು ಬಟ್ಟೆ ಕಟ್ಟಿದ ಕೊಡದಲ್ಲಿ ಕೆರೆಯ ಕೆಂಪು ನೀರು ಸೋಸಿ ಹೊತ್ತು ಬರುತ್ತಿದ್ದಳು. "ಓದ್ಕೊಂಡ್ ಬಾ ಹೋಗು" ಎಂದು ನಗುತ್ತಿದ್ದಳು. ಆ ಚುನಾವಣೆಯಲ್ಲಿ ಹಾಕಿದ್ದು ನನ್ನ ಮೊದಲನೇ ಓಟು. ರಟ್ಟಿನ ಮರೆಯ ಹಿಂದೆ ಮುದ್ರೆ ಹಿಡಿದು ನಿಂತೆ. ಅಪ್ಪನ ಗುರುತು ಬಿಟ್ಟು ಇನ್ನೊಂದರ ಮೇಲೆ ಒತ್ತಿದೆ.

ಸೋತ ಮೇಲೆ ಅಪ್ಪನಿಗೆ ಒಂದೇ ಹುಚ್ಚು. ಊಟಕ್ಕೆ ಕೂತರೂ ಬೆರಳು ಮಡಿಸುತ್ತಿದ್ದ. "ಆ ಒಂಬತ್ತು ಜನ ಯಾರು ಅಂತ ಗೊತ್ತಾಗ್ಬೇಕು ಕಣೇ" ಎಂದು ಅಮ್ಮನಿಗೆ ಹೇಳುತ್ತಿದ್ದ. ಕೊನೆಗೆ ಅವನ ಅನುಮಾನ ಹೋಗಿ ಕೂತದ್ದು ಸಿದ್ದಪ್ಪನ ಮೇಲೆ. ಸಿದ್ದಪ್ಪ ನಮ್ಮ ಹೊಲದ ಪಕ್ಕದ ಹೊಲದವನು, ಅಪ್ಪನ ಜೊತೆಯಲ್ಲೇ ಬೆಳೆದವನು. ಓಟಿನ ಹಿಂದಿನ ದಿನ ಅವನು ರಂಗಪ್ಪ ಮೇಷ್ಟ್ರ ಜೊತೆ ಟೀ ಕುಡಿದದ್ದನ್ನು ಯಾರೋ ನೋಡಿದ್ದರು. ಅಷ್ಟೇ ಸಾಕಾಯಿತು. ಅಪ್ಪ ಅವನ ಮುಖ ನೋಡುವುದು ಬಿಟ್ಟ. ಮೂವತ್ತು ವರ್ಷದ ಸ್ನೇಹ ಒಂದು ವಾರದಲ್ಲಿ ಮುಗಿಯಿತು, ನಾನು ನೋಡುತ್ತಾ ಇದ್ದೆ, ಬಾಯಿ ಬಿಡಲಿಲ್ಲ.

ಅಕ್ಟೋಬರಿನ ಮೊದಲಲ್ಲಿ ಎಲೆನ್‌ಗೆ ಒಂದು ದಪ್ಪ ಲಕೋಟೆ ಬಂತು. ಅವಳು ಅದನ್ನು ತೆಗೆದುಕೊಂಡು ಹಿತ್ತಲಿನ ತೆಂಗಿನ ಮರಗಳ ಕಡೆ ಹೋದವಳು ಊಟಕ್ಕೂ ಬರಲಿಲ್ಲ. ನಾನು ಹೋಗಿ ನೋಡಿದರೆ ಬುಡಕ್ಕೆ ಒರಗಿ ಕೂತಿದ್ದಳು. ಕೈಯಲ್ಲಿ ಒಂದು ಬಣ್ಣದ ಕರಪತ್ರ.

"ನಮ್ಮಪ್ಪ ಚುನಾವಣೆಗೆ ನಿಂತಿದ್ದಾನೆ" ಎಂದಳು. "ಕಾಂಗ್ರೆಸ್ಸಿಗೆ."

ನಮ್ಮ ಕಾಂಗ್ರೆಸ್ಸಿನಂಥ ಪಕ್ಷವಲ್ಲ, ಅವರ ಪಾರ್ಲಿಮೆಂಟಿಗೇ ಆ ಹೆಸರು ಎಂದು ವಿವರಿಸಿದಳು. ಇಡೀ ರಾಜ್ಯಕ್ಕೆ ಕೆಳಮನೆಯಲ್ಲಿ, ಅಂದರೆ ನಮ್ಮ ಲೋಕಸಭೆಯಂಥದರಲ್ಲಿ, ಒಂದೇ ಒಂದು ಸ್ಥಾನ. ಅದಕ್ಕೆ ಅವಳಪ್ಪ ಅಭ್ಯರ್ಥಿ. ಕರಪತ್ರದಲ್ಲಿ ಮನೆಯವರ ಫೋಟೋ ಇತ್ತು: ಅಪ್ಪ, ಅಮ್ಮ, ನಡುವೆ ಎಲೆನ್, ಹಿಂದೆ ಕೆಂಪು ಬಣ್ಣದ ಕೊಟ್ಟಿಗೆ.

"ಚೆನ್ನಾಗಿದೆ" ಎಂದೆ.

"ಸರಿಯಾಗಿ ನೋಡು."

ನೋಡಿದೆ. ಎಲೆನ್‌ಳ ಹೆಗಲ ಮೇಲೆ ನಾಲ್ಕು ಬೆರಳುಗಳಿದ್ದವು. ಬೆರಳಿನ ಆಚೆ ಫೋಟೋ ಮುಗಿದಿತ್ತು.

ಅದು ಅವಳ ಅಣ್ಣ ಟಾಮ್‌ನ ಕೈ. ವಿಯೆಟ್ನಾಂ ಯುದ್ಧಕ್ಕೆ ಬರಬೇಕೆಂದು ಸರ್ಕಾರದ ಕರೆ ಬಂದಾಗ ಟಾಮ್ ಗಡಿ ದಾಟಿ ಕೆನಡಾಕ್ಕೆ ಹೋಗಿಬಿಟ್ಟಿದ್ದ. ಯುದ್ಧ ಮುಗಿದ ಮೇಲೆ ಸರ್ಕಾರ ಅಂಥವರನ್ನೆಲ್ಲ ಕ್ಷಮಿಸಿತು. ಅವಳಪ್ಪ ಕ್ಷಮಿಸಲಿಲ್ಲ. ಈಗ ಓಟು ಕೇಳುವ ಹೊತ್ತಿಗೆ ಮಗ ಇದ್ದದ್ದೇ ಮುಜುಗರವಾಗಿತ್ತು. ಅವಳು ಆಗಸ್ಟಿನಲ್ಲಿ ಬರೆದು ಮನೆಯ ವಿಳಾಸಕ್ಕೆ ತರಿಸಿಕೊಂಡಿದ್ದ ಅಂಚೆ ಮತಪತ್ರವನ್ನೂ ಅವಳಮ್ಮ ಅದೇ ಲಕೋಟೆಯಲ್ಲಿಟ್ಟಿದ್ದಳು. ಪ್ರಮಾಣ ಮಾಡಿಸಲು ಅಧಿಕಾರ ಇರುವವರ ಎದುರು ಗುರುತು ಹಾಕಿ, ಲಕೋಟೆಗೆ ಅವರ ಸಹಿ ಮುದ್ರೆ ಹಾಕಿಸಿ, ನವೆಂಬರಿನ ಮತದಾನದ ದಿನದೊಳಗೆ ತಲುಪಿಸಬೇಕು.

ಆ ಮತಪತ್ರ ಒಂದು ವಾರ ಅವಳ ಪೆಟ್ಟಿಗೆಯಲ್ಲಿತ್ತು. ಆ ವಾರ ಅವಳು ನಿಂತಲ್ಲಿ ನಿಲ್ಲಲಿಲ್ಲ. ಬೆಳಗ್ಗೆ ರೈಲ್ವೆ ಹಳಿಯ ಪಕ್ಕ ನಡೆದು ಹೋಗುತ್ತಿದ್ದಳು. ರಾಗಿ ಹೊಲದಲ್ಲಿ ಕಳೆ ಇಲ್ಲದ ಕಡೆಯೂ ಬಗ್ಗಿ ಏನೋ ಕೀಳುತ್ತಿದ್ದಳು. "ಯಲ್ಲಮ್ಮಂಗೆ ಮನೆ ನೆನಪಾಗದೆ" ಎಂದು ಅಮ್ಮ ಎರಡು ಹನಿ ತುಪ್ಪ ಜಾಸ್ತಿ ಹಾಕುತ್ತಿದ್ದಳು. ಊರಿನಲ್ಲಿ ಯಾರಿಗೂ ಆ ದೂರದ ಚುನಾವಣೆ ಬೇಕಿರಲಿಲ್ಲ. ಪಕ್ಕದ ಜಿಲ್ಲೆಯಲ್ಲಿ ಆಗಲೇ ಉಪಚುನಾವಣೆ ಬಂದಿತ್ತು. ನಿಟ್ಟೂರಿನ ಮುಂದಿನ ರಸ್ತೆಯಲ್ಲಿ ಬಾವುಟ ಕಟ್ಟಿದ ಜೀಪುಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಒಂದು ಬೆಳಗ್ಗೆ ರೈಲಿನ ಹೊತ್ತಿಗೆ ಎಲೆನ್ ನನ್ನ ಜೊತೆ ಹೊರಟು ನಿಂತಳು. "ತುಮಕೂರಿಗೆ ಬರ್ತೀನಿ. ನೋಟರಿ ಬೇಕು" ಎಂದಳು.

ಕೋರ್ಟಿನ ಎದುರು ಒಂದು ಕಿರಿದಾದ ಕೋಣೆಯಲ್ಲಿ ಕೂತಿದ್ದ ವಯಸ್ಸಾದ ವಕೀಲರು ನೋಟರಿ. ಕಾಗದಗಳನ್ನೆಲ್ಲ ಎರಡು ಸಲ ಓದಿದರು. "ನೋಡಮ್ಮ, ಮೂವತ್ತು ವರ್ಷದಿಂದ ಜಮೀನು ಪತ್ರಕ್ಕೆ ಸೀಲು ಹಾಕ್ತಿದೀನಿ, ಓಟಿಗೆ ಹಾಕ್ತಿರೋದು ಇದೇ ಮೊದ್ಲು" ಎಂದರು. ಆಮೇಲೆ, "ನಿಮ್ಮ ರಾಜ್ಯಕ್ಕೆ ಕೆಳಮನೇಲಿ ಎಷ್ಟು ಜನ?" ಎಂದು ಕೇಳಿದರು.

"ಒಬ್ಬರೇ."

"ಒಬ್ರೇನಾ? ನಮ್ಮ ತುಮಕೂರಿಗೇ ಒಬ್ರು ಇದಾರಲ್ಲಮ್ಮ."

ಮತಪತ್ರ ಖಾಲಿ ಇದೆ ಎಂಬುದನ್ನು ಅವಳು ಅವರಿಗೆ ತೋರಿಸಬೇಕಿತ್ತು. ತೋರಿಸಿದಳು. ಗುರುತು ಹಾಕುವಾಗ ಅವರು ನೋಡುವಂತಿಲ್ಲ. ಅವರು ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತರು. ನನಗೂ ತಿರುಗಲು ಸನ್ನೆ ಮಾಡಿದರು. ಹಿಂದೆ ಪೆನ್ನಿನ ಸದ್ದು ಕೇಳುತ್ತಿತ್ತು. ಒಂದೇ ಮತಪತ್ರದಲ್ಲಿ ಗವರ್ನರು, ಖಜಾಂಚಿ, ಯಾರ್ಯಾರಿಗೋ ಓಟು ಹಾಕುವ ಉದ್ದನೆಯ ಪಟ್ಟಿ. ಸದ್ದು ಒಂದು ಕಡೆ ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಶುರುವಾಯಿತು.

ದೊಡ್ಡ ಅಂಚೆ ಕಚೇರಿಯಲ್ಲಿ ಅವಳು ಎರಡು ಲಕೋಟೆ ರಿಜಿಸ್ಟರ್ ಮಾಡಿದಳು. ಒಂದು ಮತಪತ್ರ. ಇನ್ನೊಂದರ ಮೇಲೆ ಅವಳಪ್ಪನ ವಿಳಾಸ. ಹೊರಗೆ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಅಪ್ಪನ ಸಾಲು ಖಾಲಿ ಬಿಟ್ಟೆ. ಅವನ ಎದುರಾಳಿಗೂ ಹಾಕಲಿಲ್ಲ. ಯಾಕೆ ಬಿಟ್ಟೆ ಅಂತ ಅವನಿಗೇ ಬರೆದಿದ್ದೀನಿ."

"ಅವರಿಗೇನಾ?" ಎಂದೆ. "ಹೇಳದೇ ಇದ್ದಿದ್ರೆ ಅವರಿಗೆ ಗೊತ್ತೇ ಆಗ್ತಿರಲಿಲ್ಲವಲ್ಲ."

"ಅದಕ್ಕೇ ಹೇಳಿದ್ದು."

ಆಗ ನಾನು ನನ್ನದನ್ನು ಹೇಳಿದೆ. ಪಂಪು, ಪುಟ್ಟಮ್ಮ, ಮುದ್ರೆ, ಸಿದ್ದಪ್ಪ, ಎಲ್ಲ. ಅವಳು ಕೇಳಿ, "ಸಿದ್ದಪ್ಪ ಈಗಲೂ ನಿಮ್ಮ ಮನೆ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿ ಹೋಗ್ತಾನೆ" ಎಂದಳು. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ಮೂರು ವಾರ ನಮ್ಮಿಬ್ಬರಿಗೂ ಕಾಲಡಿ ಬೆಂಕಿ. ಕಾಲೋನಿಯಲ್ಲಿ ಪಂಪು ಬಂದಿತ್ತು. ಹಿಡಿ ಎತ್ತಿ ಇಳಿಸುವ ಸದ್ದು ಗಾಳಿ ಬೀಸಿದಾಗ ನಮ್ಮ ಹೊಲಕ್ಕೂ ಕೇಳುತ್ತಿತ್ತು. ಅಪ್ಪ ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದ. ನಾನು ಕ್ಲಾಸಿನಲ್ಲಿ ಪಾಠದ ಟಿಪ್ಪಣಿ ಬರೆಯುತ್ತಾ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಎಲೆನ್ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲಿಗೆ ಹೊಲದಿಂದ ಓಡಿ ಬರುತ್ತಿದ್ದಳು, ಏನೂ ಇಲ್ಲವೆಂದು ಗೊತ್ತಾದ ಮೇಲೆ ಸಮಾಧಾನವಾದವಳಂತೆ ವಾಪಸು ಹೋಗುತ್ತಿದ್ದಳು.

ಅಲ್ಲಿ ಮತದಾನ ಮುಗಿದದ್ದು ನಮಗೆ ಬುಧವಾರ ಬೆಳಗ್ಗೆ. ನಾನು ಕಾಲೇಜಿಗೆ ಹೋಗಲಿಲ್ಲ. ನಮ್ಮ ಟ್ರಾನ್ಸಿಸ್ಟರನ್ನು ಕಣದ ಕಲ್ಲಿನ ಮೇಲಿಟ್ಟು ಎಲೆನ್ ಮುಳ್ಳು ತಿರುಗಿಸುತ್ತಲೇ ಇದ್ದಳು. ಕರಕರ ಸದ್ದಿನ ನಡುವೆ ದೊಡ್ಡ ದೊಡ್ಡ ರಾಜ್ಯಗಳ ಹೆಸರು ಬಂದವು. ಅವಳದು ಬರಲಿಲ್ಲ. ಸೆಲ್ಲು ಮುಗಿಯುವವರೆಗೆ ಕೇಳಿದೆವು.

ಗುರುವಾರ ಮಧ್ಯಾಹ್ನ ಗುಬ್ಬಿಯಿಂದ ತಂತಿ ಬಂತು, ಅವಳಮ್ಮ ಕಳಿಸಿದ್ದು. ಬಹಳ ಸಣ್ಣ ಅಂತರದಲ್ಲಿ ಸೋಲು, ಅಪ್ಪ ಆರೋಗ್ಯವಾಗಿದ್ದಾರೆ, ನಿನ್ನ ಕಾಗದ ತಲುಪಿದೆ. ಎಲೆನ್ ಅದನ್ನು ಓದಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ನಿಂತು ಅತ್ತಳು. "ಒಂದು ಓಟಿನಿಂದ ಏನೂ ಆಗ್ತಿರಲಿಲ್ಲ" ಎಂದೆ. "ನನಗೆ ಗೊತ್ತು" ಎಂದಳು. "ಕಾಗದ ಯಾವತ್ತು ತಲುಪಿತು ಅಂತ ಬರೆದಿಲ್ಲ ನೋಡು. ಅವನು ಅದನ್ನು ಜೇಬಲ್ಲಿಟ್ಟುಕೊಂಡು ಭಾಷಣ ಮಾಡಿದನೋ ಏನೋ."

ಅದೇ ವಾರ ನಮ್ಮ ರಾಗಿ ಕೊಯ್ಲಾಗಿ ಹೊಲದಲ್ಲಿ ಒಣಗುತ್ತಾ ಬಿದ್ದಿತ್ತು. ಶನಿವಾರ ಬೆಳಗ್ಗೆ ಮೂಡಲಲ್ಲಿ ಮೋಡ ಕಟ್ಟಿತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಯಾರೋ ರೇಡಿಯೋದಲ್ಲಿ ಕೇಳಿ ಬಂದರು. ಕೊಯ್ದ ರಾಗಿ ನೆನೆದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ಹೊರೆ ಕಟ್ಟಿ ತಂದು, ನೀರು ಒಳಗಿಳಿಯದ ಹಾಗೆ ಮೆದೆ ಒಟ್ಟಬೇಕು. ಅಪ್ಪ, ಅಮ್ಮ, ನಾನು, ಎಲೆನ್, ಕೂಲಿಗೆ ಬಂದ ಇಬ್ಬರು ಹೆಂಗಸರು ಹೊರೆ ಹೊತ್ತೆವು. ಮೆದೆ ಒಟ್ಟುವುದು ಮಾತ್ರ ಅಪ್ಪನ ಕೈಗೆ ಬರುತ್ತಿರಲಿಲ್ಲ. ಪ್ರತಿ ವರ್ಷ ಆ ಕೆಲಸ ಸಿದ್ದಪ್ಪನದು. ಅಪ್ಪ ಒಟ್ಟಿದ್ದು ಆಳೆತ್ತರ ಏರುವಷ್ಟರಲ್ಲಿ ಒಂದು ಕಡೆ ವಾಲಿ ಜಾರಿಬಿತ್ತು. ಮತ್ತೆ ಒಟ್ಟಿದ. ಮತ್ತೆ ಜಾರಿತು. ಗಾಳಿ ತಣ್ಣಗಾಗುತ್ತಿತ್ತು.

"ಅಪ್ಪ, ಸಿದ್ದಪ್ಪನ್ನ ಕರಿ" ಎಂದೆ.

"ನಂಗೆ ಓಟು ಕೊಡದವನ ಕೈ ನನ್ನ ರಾಗಿ ಮುಟ್ಟೋದು ಬ್ಯಾಡ."

ತಲೆಯ ಮೇಲೆ ಹೊರೆ ಇತ್ತು. ಎಲೆನ್ ನನ್ನ ಹಿಂದೆಯೇ ಇದ್ದಳು. ಅವಳ ಉಸಿರು ಕೇಳುತ್ತಿತ್ತು.

"ಹಂಗಾದ್ರೆ ನಾನೂ ಮುಟ್ಬಾರ್ದು" ಎಂದೆ.

ಅಪ್ಪನಿಗೆ ಅರ್ಥವಾಗಲಿಲ್ಲ. "ಏನಂದೆ?"

"ನಾನು ನಿಂಗೆ ಹಾಕ್ಲಿಲ್ಲ ಕಣಪ್ಪ. ಮೇಷ್ಟ್ರಿಗೆ ಹಾಕ್ದೆ. ಆ ಪಂಪು ಪುಟ್ಟಮ್ಮೋರ ಕಡೆಗೇ ಹೋಗ್ಬೇಕಿತ್ತು. ನೀನು ಮನೆ ಮನೆ ಎಣಿಸ್ತಿದ್ಯಲ್ಲ, ನಮ್ಮನೆ ಎಣಿಸ್ಲೇ ಇಲ್ಲ."

ಅಪ್ಪ ಮೆದೆಯ ಮೇಲಿಂದ ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಹೊಡೆಯುತ್ತಾನೆ ಎಂದುಕೊಂಡೆ. ಅವನು ನಿಧಾನಕ್ಕೆ ಇಳಿದು ಬಂದ. "ಹೊರೆ ಕೆಳಗಿಡು" ಎಂದ. ಇಟ್ಟೆ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಬದುವಿನ ಮೇಲೆ ನಡೆದು ಹೊರಟುಹೋದ. ನಾನು ಅಲ್ಲೇ ನಿಂತಿದ್ದೆ. ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಹತ್ತಿರ ಬಂದಳು. "ನೀನು ನಿಂತ್ಕೊಂಡ್ರೆ ಮಳೆ ನಿಲ್ತದಾ? ಎತ್ತು" ಎಂದಳು.

ಅಪ್ಪ ಹೋದದ್ದು ಸಿದ್ದಪ್ಪನ ಮನೆಗೆ. ಅಲ್ಲಿ ಏನು ಹೇಳಿದ ಎಂದು ನಮಗೆ ಯಾವತ್ತೂ ಪೂರ್ತಿ ತಿಳಿಯಲಿಲ್ಲ. ಸಿದ್ದಪ್ಪ ಒಳಗಿನಿಂದಲೇ, ಅಪ್ಪನಿಗೆ ಕೇಳುವ ಹಾಗೆ ಹೆಂಡತಿಗೆ ಹೇಳಿದನಂತೆ: "ಆರು ತಿಂಗ್ಳು ನನ್ ಮುಖ ನೋಡ್ಲಿಲ್ಲ, ಇವತ್ತು ಮೋಡ ನೋಡ್ಕಂಡ್ ಬಂದವ್ನೆ." ಅಪ್ಪ ಒಬ್ಬನೇ ವಾಪಸು ಬಂದ. ಸಂಜೆಗೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಜಿಟಿಜಿಟಿ ಸೋನೆ, ನಡುನಡುವೆ ಜೋರು. ಎಲೆನ್ ಬಾಗಿಲಿಗೂ ಒಲೆಗೂ ನಡುವೆ ನಡೆದಾಡುತ್ತಿದ್ದಳು. ವಾಲಿದ ಮೆದೆಯೊಳಗೆ ನೀರು ಇಳಿಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾಲ್ಕನೇ ದಿನ ಬಿಸಿಲು ಬಿತ್ತು. ನಾವು ಹೊಲಕ್ಕೆ ಹೋಗುವಷ್ಟರಲ್ಲಿ ಸಿದ್ದಪ್ಪ ಮೆದೆಯ ಮೇಲೆ ನಿಂತು ಹೊರೆಗಳನ್ನು ಬಿಚ್ಚಿ ಕೆಳಗೆ ಎಸೆಯುತ್ತಿದ್ದ. ಒದ್ದೆ ಹುಲ್ಲಿನಿಂದ ಹಬೆ ಏಳುತ್ತಿತ್ತು. ಅರ್ಧಕ್ಕರ್ಧ ತೆನೆಗಳಲ್ಲಿ ಬಿಳಿ ಮೊಳಕೆ.

"ಇದೇನ್ಲಾ ಇದು" ಎಂದ ಅಪ್ಪನಿಗೆ. "ಮೆದೆ ಒಟ್ಟಿದ್ಯೋ, ಕಸ ಸುರ್ದಿದ್ಯೋ?"

ಅಪ್ಪ ಹೊರೆಗಳನ್ನು ಬಿಸಿಲಿಗೆ ಹರಡತೊಡಗಿದ. ಸಂಜೆ ಒಳ್ಳೆಯ ಹೊರೆಗಳನ್ನು ಆರಿಸಿ ಅಪ್ಪ ಕೆಳಗಿನಿಂದ ಎಸೆದ, ಸಿದ್ದಪ್ಪ ಮೇಲೆ ಹಿಡಿದ. ಆ ವರ್ಷದ ಮೆದೆ ಹಿಂದಿನದರ ಅರ್ಧದಷ್ಟಿತ್ತು. ನೇರವಾಗಿ ನಿಂತಿತ್ತು.

ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಅಮ್ಮನ ಮೂಲಕ ಹೇಳಿಸುತ್ತಿದ್ದ. ನಾನು ರೈಲಿಗೆ ಹೊರಟರೆ ದನಗಳ ಕಡೆ ತಿರುಗಿಕೊಳ್ಳುತ್ತಿದ್ದ. ಹೀಗೆ ಒಂದು ತಿಂಗಳು. ಹೇಳಬಾರದಿತ್ತು ಎಂದು ಒಂದು ದಿನ, ಇನ್ನೂ ಮೊದಲೇ ಹೇಳಬೇಕಿತ್ತು ಎಂದು ಇನ್ನೊಂದು ದಿನ ಅನ್ನಿಸುತ್ತಿತ್ತು. ಡಿಸೆಂಬರಿನಲ್ಲಿ ಎಲೆನ್‌ಗೆ ಅವಳಪ್ಪನ ಕೈಬರಹದ ಕಾಗದ ಬಂತು. ಜಗಲಿಯ ಮೇಲೆ ಕೂತು ಅವಳು ಅದನ್ನು ಒಡೆಯಲಾಗದೆ ತಿರುಗಿಸುತ್ತಿದ್ದಳು. ಕೊನೆಗೆ ಒಡೆದು, ಓದಿ, ನನ್ನ ಕೈಗೆ ಕೊಟ್ಟಳು. ಅಪ್ಪ ಅಲ್ಲೇ ಹಗ್ಗ ಹೊಸೆಯುತ್ತಾ ಕೂತಿದ್ದ. ಎಲೆನ್‌ಳ ಓಟಿನ, ಅವಳಣ್ಣನ ಕಥೆ ಅಷ್ಟರಲ್ಲಿ ಅಮ್ಮನ ಮೂಲಕ ಅವನಿಗೂ ತಿಳಿದಿತ್ತು.

"ಏನ್ ಬರ್ದವ್ನೆ ಅವರಪ್ಪ?" ಎಂದ. ಒಂದು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಕನ್ನಡ ಮಾಡಿ ಓದಿದೆ. ನಿನ್ನ ಕಾಗದ ಮತದಾನಕ್ಕೆ ಐದು ದಿನ ಮೊದಲು ಬಂತು. ಸಿಟ್ಟು ಬಂತು. ಈಗಲೂ ಇದೆ. ಹೋದ ವಾರ ಸುಗ್ಗಿ ಹಬ್ಬಕ್ಕೆ ಟಾಮ್ ಬಂದಿದ್ದ, ನಿಮ್ಮಮ್ಮ ಕರೆಸಿದ್ದಳು. ಅವನು ಒಳಗೆ ಬರಲಿಲ್ಲ, ಕಾರಿನ ಹತ್ತಿರವೇ ನಿಂತಿದ್ದ. ನಾನೇ ಹೊರಗೆ ಹೋದೆ. ತುಂಬಾ ಚಳಿ ಇತ್ತು. ಹಸುಗಳ ವಿಷಯ ಮಾತಾಡಿದೆವು.

"ಹಸು ವಿಷ್ಯನಾ?"

"ಹೂಂ."

"ಅಷ್ಟೇನಾ?"

"ಅಷ್ಟೇ ಬರೆದಿರೋದು."

ಅಪ್ಪ ಹಗ್ಗದ ಎಳೆ ಕೂಡಿಸಿದ. "ಸಾಕು ಬುಡು" ಎಂದ. ಆಮೇಲೆ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದ. ಹಿಡಿದುಕೊಂಡೆ.

ಜನವರಿಯಲ್ಲಿ ಎಲೆನ್ ಹೊರಟುಹೋದಳು. ತುಮಕೂರು ಸ್ಟೇಷನ್ನಿನವರೆಗೆ ಸಿದ್ದಪ್ಪನೂ ಬಂದು ಅವಳ ಪೆಟ್ಟಿಗೆ ಹತ್ತಿಸಿದ. ಕೆಲವು ವರ್ಷ ಕಾಗದಗಳಿದ್ದವು. ಟಾಮ್ ತಮ್ಮ ಊರಿಗೇ ಮರಳಿ ಬಡಗಿಯ ಕೆಲಸ ಹಿಡಿದಿದ್ದಾನೆ, ಅಪ್ಪನ ಜೊತೆ ಈಗಲೂ ಹೆಚ್ಚು ಮಾತಿಲ್ಲ, ಕೊಟ್ಟಿಗೆಯ ಬಾಗಿಲು ರಿಪೇರಿ ಮಾಡಿಕೊಟ್ಟ ಎಂದು ಬರೆದಿದ್ದಳು.

ಮರುವರ್ಷ ಅವರೆಕಾಯಿ ಕಾಲ ಬರುವಷ್ಟರಲ್ಲಿ ಲೋಕಸಭೆಗೆ ಚುನಾವಣೆ ಬಂತು. ನಾವು ಮೂವರೂ ಬೆಳಗ್ಗೆಯೇ ಶಾಲೆಯ ಹತ್ತಿರ ಸಾಲಿನಲ್ಲಿ ನಿಂತೆವು. ಮದುವೆಯಾದಾಗಿನಿಂದ ಪ್ರತಿ ಸಲ ಕೇಳುವ ಹಾಗೆ ಅಮ್ಮ ಬಾಗಿಲ ಹತ್ತಿರ ಅಪ್ಪನ ಕಡೆ ಬಗ್ಗಿ, "ಯಾವ್ದಕ್ಕೆ ಒತ್ಲಿ?" ಎಂದಳು.

ಅಪ್ಪ ನನ್ನ ಕಡೆ ಒಮ್ಮೆ ನೋಡಿದ. "ನನ್ನೇನ್ ಕೇಳ್ತೀಯ? ನಿಂಗೆ ಯಾವ್ದು ಸರಿ ಅನ್ಸುತ್ತೋ ಅದಕ್ಕೆ ಒತ್ತು" ಎಂದ.

ಅಮ್ಮ ಒಳಗೆ ಹೋದಳು. ರಟ್ಟಿನ ಮರೆಯ ಕೆಳಗೆ ಅವಳ ಸೀರೆಯ ಅಂಚು, ಎರಡು ಪಾದ ಕಾಣುತ್ತಿದ್ದವು. ಬಹಳ ಹೊತ್ತು ಅವು ಅಲ್ಲಾಡಲಿಲ್ಲ. ಸಾಲಿನಲ್ಲಿದ್ದವರು ಗೊಣಗಿದರು. "ಬೇಗ ಬನ್ನಿ ಅಮ್ಮಾ" ಎಂದು ಅಧಿಕಾರಿ ಎರಡು ಸಲ ಕರೆದರು. ಅವಳು ಅವಸರ ಮಾಡಲಿಲ್ಲ. ಚೀಟಿ ಮಡಿಸಿಕೊಂಡು ಹೊರಬಂದು, ಪೆಟ್ಟಿಗೆಗೆ ಹಾಕಿ, ಸೆರಗು ಸರಿ ಮಾಡಿಕೊಂಡು ನಮಗಿಂತ ಮುಂದೆ ನಡೆದಳು.

ಮನೆ ತಲುಪುವವರೆಗೆ ಅಪ್ಪ ಏನೋ ಕೇಳಲು ಮೂರು ಸಲ ಬಾಯಿ ತೆರೆದು ಮುಚ್ಚಿದ. ಅಮ್ಮ ಹಿಂತಿರುಗಿ ನೋಡಲಿಲ್ಲ.